ಕುಗ್ಗುವ ಮಣ್ಣು, ಕುಂಟುವ ಕುಂಬಾರ

ಹಸಿ ಮಣ್ಣಿನಲ್ಲಿ ಒಂದು ಕಪ್ ಮಾಡಿ, ಒಣಗಿಸಿ ಸುಟ್ಟು ನೋಡಿ. ನೀವು ಮಾಡಿದ ಅಳತೆಯಲ್ಲಿ ಅದು ಹೊರಗೆ ಬರೋದಿಲ್ಲ, ಚಿಕ್ಕದಾಗಿರುತ್ತೆ. ಒಣಗುವಾಗ ನೀರು ಹೋಗಿ ಕಣಗಳು ಹತ್ತಿರ ಬರುತ್ತವೆ. ಸುಡುವಾಗ ಒಂದಕ್ಕೊಂದು ಬೆಸೆದುಕೊಂಡು ಇನ್ನಷ್ಟು ಬಿಗಿಯಾಗುತ್ತವೆ. ನಮ್ಮ ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲಿ ಇದಕ್ಕೆ ಸಿಂಟರಿಂಗ್ ಅಂತ ಹೆಸರು. ಎಲ್ಲಾ ಕಡೆ ಒಂದೇ ಸಮ ಕುಗ್ಗದಿದ್ದರೆ ಪಾತ್ರೆ ಸೊಟ್ಟಗಾಗುತ್ತೆ, ಇಲ್ಲವೇ ಬಿರುಕು ಬಿಡುತ್ತೆ. ಈ ತಲೆನೋವಿನ ಜೊತೆ ಬದುಕಿಡೀ ಗುದ್ದಾಡಿ, ಕೊನೆಗೆ ಅದನ್ನೇ ಒಂದು ಉಪಕರಣವಾಗಿ ಮಾಡಿಕೊಂಡವನು ಜೊಸಾಯಾ ವೆಜ್‌ವುಡ್.

ಆತ ಹುಟ್ಟಿದ್ದು 1730ರಲ್ಲಿ, ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರ್‌ನ ಬರ್ಸ್ಲೆಮ್ ಎಂಬ ಊರಲ್ಲಿ. ಕುಂಬಾರರ ಮನೆತನ, ದೊಡ್ಡ ಸಂಸಾರ, ಈತ ಎಲ್ಲರಿಗಿಂತ ಕಿರಿಯವನು. 1739ರಲ್ಲಿ ಅಪ್ಪ ತೀರಿಕೊಂಡ ಮೇಲೆ ಹುಡುಗ ಕೆಲಸಕ್ಕೆ ಇಳಿದ. ಸ್ವಲ್ಪ ದಿನದಲ್ಲೇ ಸಿಡುಬು ಬಂತು. ಜೀವ ಉಳಿಯಿತು, ಆದರೆ ಬಲಮೊಣಕಾಲಿನ ಬಲ ಹೋಯಿತು. ಅಲ್ಲಿನ ತಿಗರಿಯನ್ನು ಕಾಲಿನಿಂದ ತುಳಿದು ತಿರುಗಿಸಬೇಕಿತ್ತು. ಕುಂಬಾರನ ಮಗನಿಗೆ ತಿಗರಿಯೇ ಇಲ್ಲ ಅಂದರೆ ಉಳಿಯೋದು ಏನು? ಮಣ್ಣು ಬೆರೆಸೋದು, ಮೆರುಗು ಹದ ಮಾಡೋದು, ಅಚ್ಚು ತಯಾರಿಸೋದು. ಆತ ಅದನ್ನೇ ಹಿಡಿದ.

1759ರಲ್ಲಿ ಒಂದು ಪ್ರಯೋಗದ ಪುಸ್ತಕ ಶುರುಮಾಡಿದ. ನಾವು ಸಬ್ಮಿಷನ್ ಹಿಂದಿನ ರಾತ್ರಿ ಕೂತು ತುಂಬಿಸುವ ಲ್ಯಾಬ್ ರೆಕಾರ್ಡ್ ಥರದ್ದಲ್ಲ ಇದು. ಪ್ರತಿ ತುಣುಕಿಗೂ ಒಂದು ನಂಬರ್. ಯಾವ ಮಣ್ಣು ಎಷ್ಟು, ಆವಿಗೆಯಲ್ಲಿ ಅಂದರೆ ಸುಡುವ ಗೂಡಿನಲ್ಲಿ ಯಾವ ಎತ್ತರಕ್ಕೆ ಇಟ್ಟಿದ್ದು, ಹೇಗೆ ಕೆಟ್ಟಿತು, ಎಲ್ಲವನ್ನೂ ಬರೆದಿಡುತ್ತಿದ್ದ. ಪಕ್ಕದ ಕುಂಬಾರರು ಕದಿಯಬಾರದು ಅಂತ ಸಂಕೇತದ ಭಾಷೆ ಬೇರೆ.

ಮುಂದಿನ ಏಳಿಗೆಯನ್ನು ಬೇಗ ಹೇಳಿಬಿಡಬಹುದು. ಕೆನೆ ಬಣ್ಣದ ಪಿಂಗಾಣಿ ಮಾಡಿದ, 1765ರಲ್ಲಿ ರಾಣಿ ಶಾರ್ಲಟ್ ಅದರ ಟೀ ಸೆಟ್‌ಗೆ ಆರ್ಡರ್ ಕೊಟ್ಟಳು. ಆತ ಕೂಡಲೇ ಆ ಮಾಲಿಗೆ ರಾಣಿಯ ಹೆಸರಿಟ್ಟು ಮಾರಿದ. ಮಾರ್ಕೆಟಿಂಗ್ ಅನ್ನೋದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1768ರಲ್ಲಿ ನೋವು ತಾಳಲಾರದೆ ಆ ಬಲಗಾಲನ್ನೇ ಕತ್ತರಿಸಿ ಹಾಕಿಸಿಕೊಂಡ. ಆಪರೇಷನ್‌ಗೆ ಅರಿವಳಿಕೆ ಬಳಕೆಗೆ ಬರಲು ಇನ್ನೂ ಮುಕ್ಕಾಲು ಶತಮಾನ ಬಾಕಿ ಇತ್ತು. ಮರುವರ್ಷವೇ ಮರದ ಕಾಲಿನಲ್ಲಿ ನಿಂತು ಎಟ್ರೂರಿಯಾ ಎಂಬ ಹೊಸ ಕಾರ್ಖಾನೆ ತೆರೆದ.

ಅಲ್ಲಿ ಹುಟ್ಟಿದ್ದು ಜ್ಯಾಸ್ಪರ್. ಮೆರುಗಿಲ್ಲದ, ಮೈಯೇ ನೀಲಿಯೋ ಹಸಿರೋ ಕಪ್ಪೋ ಆಗಿರುವ ಪಾತ್ರೆ. ಅದರ ಮೇಲೆ ಬಿಳಿ ಮಣ್ಣಿನ ಉಬ್ಬುಚಿತ್ರಗಳು. ನೋಡೋಕೆ ಸರಳ. ಆದರೆ ಬಣ್ಣದ ಮಣ್ಣು ಮತ್ತು ಬಿಳಿ ಮಣ್ಣು ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಸ್ವಲ್ಪ ಹೆಚ್ಚುಕಡಿಮೆ ಆದರೂ ಚಿತ್ರ ಕಿತ್ತುಕೊಂಡು ಬರುತ್ತೆ. ಸಾವಿರಾರು ತುಣುಕು ಸುಟ್ಟ ಮೇಲೆ ಹದ ಸಿಕ್ಕಿತು. ಅದರಲ್ಲಿದ್ದ ಗುಟ್ಟು ಬೇರಿಯಂ ಸಲ್ಫೇಟ್ ಇರುವ ಒಂದು ಖನಿಜ.

ಆವಿಗೆಯ ಬಿಸಿ ಅಳೆಯೋದು ಹೇಗೆ? ಪಾದರಸದ ಥರ್ಮಾಮೀಟರ್ ಅಲ್ಲಿ ನಿಲ್ಲೋದಿಲ್ಲ. ಕೆಲಸಗಾರರು ಬೆಂಕಿಯ ಬಣ್ಣ ನೋಡಿ ಅಂದಾಜು ಮಾಡುತ್ತಿದ್ದರು. ವೆಜ್‌ವುಡ್ ಒಂದೇ ಮಣ್ಣಿನಿಂದ, ಒಂದೇ ಅಳತೆಯ ಪುಟ್ಟ ತುಣುಕುಗಳನ್ನು ಮಾಡಿ ಆವಿಗೆಯಲ್ಲಿಟ್ಟ. ಆರಿದ ಮೇಲೆ, ಬರಬರುತ್ತಾ ಕಿರಿದಾಗುವ ಒಂದು ಹಿತ್ತಾಳೆಯ ಓಣಿಯಲ್ಲಿ ಅವನ್ನು ಜಾರಿಸಿದ. ಹೆಚ್ಚು ಬಿಸಿ ತಿಂದ ತುಣುಕು ಹೆಚ್ಚು ಕುಗ್ಗಿರುತ್ತೆ, ಓಣಿಯಲ್ಲಿ ಹೆಚ್ಚು ದೂರ ಹೋಗುತ್ತೆ. ಪಕ್ಕದಲ್ಲಿ ಅಳತೆಯ ಗೆರೆಗಳು. ಅಷ್ಟೇ! 1782ರಲ್ಲಿ ಇದನ್ನು ರಾಯಲ್ ಸೊಸೈಟಿಯ ಮುಂದಿಟ್ಟ, ಮರುವರ್ಷ ಅಲ್ಲಿನ ಫೆಲೋ ಆದ.

ತಮಾಷೆ ಅಂದರೆ ಅವನ ಲೆಕ್ಕ ಭಾರಿ ತಪ್ಪಿತ್ತು. ತನ್ನ ಮಾಪಕವನ್ನು ಫ್ಯಾರನ್‌ಹೀಟ್‌ಗೆ ಹೊಂದಿಸಿದಾಗ ಬೀಡುಕಬ್ಬಿಣ ಕರಗುವ ಬಿಸಿ ಸುಮಾರು 18,000 ಡಿಗ್ರಿ ಅಂತ ಬಂತು. ನಿಜಕ್ಕೂ ಅದು 2,200ರ ಆಸುಪಾಸು. ಆದರೆ ಅವನಿಗೆ ಬೇಕಿದ್ದದ್ದು ನಿನ್ನೆಯ ಬಿಸಿಯನ್ನೇ ಇವತ್ತೂ ಕೊಡೋದು. ಆ ಕೆಲಸ ಆಗುತ್ತಿತ್ತು. ಅಕ್ಯುರಸಿಗೂ ಪ್ರಿಸಿಷನ್‌ಗೂ ಏನು ವ್ಯತ್ಯಾಸ ಅಂತ ವೈವಾದಲ್ಲಿ ಕೇಳಿದರೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ.

1786ರಲ್ಲಿ ಪೋರ್ಟ್‌ಲ್ಯಾಂಡ್‌ನ ಡ್ಯೂಕ್‌ನಿಂದ ಒಂದು ಹೂಜಿ ಎರವಲು ತಂದ. ಪ್ರಾಚೀನ ರೋಮಿನದ್ದು, ಎತ್ತರ ಸುಮಾರು 25 ಸೆಂಟಿಮೀಟರ್, ಕಪ್ಪೇ ಅನ್ನಿಸುವಷ್ಟು ಕಡುನೀಲಿ ಗಾಜು, ಮೇಲೆ ಬಿಳಿ ಗಾಜಿನಲ್ಲಿ ಕೆತ್ತಿದ ಮನುಷ್ಯರು, ಮರಗಳು. ಬಿಳಿ ತೆಳುವಾದ ಕಡೆ ಹಿಂದಿನ ನೀಲಿ ನೆರಳಿನಂತೆ ಕಾಣುತ್ತೆ. ಇದನ್ನು ಮಣ್ಣಿನಲ್ಲಿ ಮಾಡಬೇಕು ಅನ್ನೋದು ಅವನ ಹಟ. ಗಾಜನ್ನು ಕೆತ್ತಬಹುದು, ಕೆತ್ತಿದ ಮೇಲೆ ಅದು ಹಾಗೇ ಇರುತ್ತೆ. ಮಣ್ಣು ಹಾಗಲ್ಲ, ನಾವು ಕೆತ್ತಿದ್ದನ್ನು ಬೆಂಕಿ ಮತ್ತೆ ತಿದ್ದುತ್ತೆ. ಮೈ ಗುಳ್ಳೆ ಎದ್ದಿತು, ಬಿರುಕು ಬಿಟ್ಟಿತು, ಚಿತ್ರಗಳು ಕಳಚಿದವು. ಆಗ ಅವನಿಗೆ ಐವತ್ತಾರು ದಾಟಿತ್ತು, ದುಡ್ಡು, ಹೆಸರು ಎರಡೂ ಬೇಕಾದಷ್ಟಿದ್ದವು. ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಒಪ್ಪುವಂಥ ಪ್ರತಿ ಕೈಗೆ ಬಂದದ್ದು 1789ರಲ್ಲಿ. 1790ರಲ್ಲಿ ಲಂಡನ್ನಿನಲ್ಲಿ ಜನಕ್ಕೆ ತೋರಿಸಿದ.

ಈ ಹೂಜಿಯ ಗುದ್ದಾಟದ ನಡುವೆಯೇ, 1787ರಲ್ಲಿ, ಅದೇ ಜ್ಯಾಸ್ಪರ್‌ನಲ್ಲಿ ಒಂದು ಸಣ್ಣ ಬಿಲ್ಲೆ ಮಾಡಿಸಿದ. ಬಿಳಿ ಹಿನ್ನೆಲೆಯಲ್ಲಿ, ಸಂಕೋಲೆ ತೊಟ್ಟು ಮೊಣಕಾಲೂರಿದ ಕಪ್ಪು ಗುಲಾಮ, ತಾನೂ ಮನುಷ್ಯನಲ್ಲವೇ ಎಂದು ಕೇಳುತ್ತಿರುವವನು. ಗುಲಾಮರ ವ್ಯಾಪಾರದ ವಿರುದ್ಧದ ಚಳವಳಿಗೆ ಇದನ್ನು ದುಡ್ಡು ತೆಗೆದುಕೊಳ್ಳದೆ ಹಂಚಿದ. ಮರುವರ್ಷ ಅಮೆರಿಕಕ್ಕೆ, ಬೆಂಜಮಿನ್ ಫ್ರಾಂಕ್ಲಿನ್‌ಗೂ ಕಳಿಸಿದ. ಹೆಂಗಸರು ಬಳೆಗೆ, ಮುಡಿಪಿನ್ನಿಗೆ ಕಟ್ಟಿಸಿಕೊಂಡರು. ಅವನನ್ನು ಸಾಹುಕಾರ ಮಾಡಿದ ಟೀ ಸೆಟ್‌ಗಳ ಜೊತೆಗೆ ಮೇಜಿಗೆ ಬರುತ್ತಿದ್ದ ಸಕ್ಕರೆ ಅದೇ ಗುಲಾಮರ ಬೆವರಿನದ್ದು. ಅದನ್ನು ಮರೆತು ಅವನನ್ನು ಹೊಗಳೋದು ಸರಿಯಲ್ಲ. ಆದರೂ ತನ್ನ ಗಿರಾಕಿಗಳಿಗೇ ಮುಜುಗರ ಆಗುವಂಥ ವಸ್ತುವನ್ನು ತನ್ನ ಕಾರ್ಖಾನೆಯಲ್ಲೇ ಮಾಡಿದ್ದು ಸಣ್ಣ ಮಾತಲ್ಲ.

1795ರ ಜನವರಿ 3ರಂದು ಎಟ್ರೂರಿಯಾದಲ್ಲಿ ತೀರಿಕೊಂಡ. ಮಗಳು ಸುಸಾನಾಳ ಹೊಟ್ಟೆಯಲ್ಲಿ ಮುಂದೆ ಹುಟ್ಟಿದವನು ಚಾರ್ಲ್ಸ್ ಡಾರ್ವಿನ್. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಮೂಲ ಗಾಜಿನ ಹೂಜಿಯನ್ನು 1845ರಲ್ಲಿ ಒಬ್ಬ ಒಡೆದು ಚೂರು ಮಾಡಿದ, ಮತ್ತೆ ಅಂಟಿಸಬೇಕಾಯಿತು. ವೆಜ್‌ವುಡ್‌ನ ಜ್ಯಾಸ್ಪರ್ ಪ್ರಯೋಗದ ತುಣುಕುಗಳು ಇವತ್ತಿಗೂ ಬಾರ್ಲಾಸ್ಟನ್‌ನ ಸಂಗ್ರಹಾಲಯದಲ್ಲಿವೆ. ತಟ್ಟೆ ತಟ್ಟೆಯಾಗಿ ಸಾಲಾಗಿ ಜೋಡಿಸಿಟ್ಟ, ಬೆರಳುದ್ದದ, ಒಂದೊಂದು ನೀಲಿಯ ಚೂರುಗಳು, ಮೇಲೆ ನಂಬರ್.