ಮ್ಯಾಸಿಲನ್ನಿನ ಮೇಷ್ಟರು ಪಾಲ್ ಬ್ರೌನ್

ಅಮೆರಿಕದ ಒಹಾಯೊ ರಾಜ್ಯದ ಈಶಾನ್ಯ ಭಾಗದಲ್ಲಿ ಮ್ಯಾಸಿಲನ್ ಮತ್ತು ಕ್ಯಾಂಟನ್ ಎಂಬ ಎರಡು ಊರುಗಳಿವೆ. ಇವೆರಡರ ನಡುವಿನ ಅಂತರ ಎಂಟು ಮೈಲಿಯಷ್ಟೇ. ಎರಡೂ ಉಕ್ಕಿನ ಕಾರ್ಖಾನೆಗಳ ಹೊಗೆಯಲ್ಲಿ ಬೆಳೆದ ಊರುಗಳು. ಇವುಗಳ ನಡುವಿನ ಹಗೆಗೆ ಭೂಮಿಯಾಗಲೀ ನೀರಾಗಲೀ ಕಾರಣವಲ್ಲ, ಕಾರಣ ಫುಟ್‌ಬಾಲ್. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಈ ಊರುಗಳು ಹಣ ಕೊಟ್ಟು ಆಟಗಾರರನ್ನು ಕರೆತಂದು ವೃತ್ತಿಪರ ತಂಡಗಳನ್ನು ಕಟ್ಟಿದ್ದವು. 1906ರಲ್ಲಿ ಬಾಜಿ ಹಗರಣವೊಂದರಿಂದ ಆ ತಂಡಗಳು ಮುರಿದುಬಿದ್ದಾಗಲೂ ಹಗೆ ಮಾತ್ರ ಉಳಿಯಿತು. ಅದು ಎರಡೂ ಊರುಗಳ ಹೈಸ್ಕೂಲ್ ಹುಡುಗರ ಹೆಗಲಿಗೆ ಬಂತು.

ಆ ಹೆಗಲುಗಳನ್ನು ಪಳಗಿಸಿ, ಶಾಲೆಯ ತಂಡವೊಂದನ್ನು ಸಂಸ್ಥೆಯಂತೆ ನಡೆಸಬಹುದೆಂದು ತೋರಿಸಿಕೊಟ್ಟವನು ಪಾಲ್ ಬ್ರೌನ್. ವೃತ್ತಿಪರ ಫುಟ್‌ಬಾಲಿನ ಇತಿಹಾಸದಲ್ಲಿ ಅವನ ಹೆಸರು ದೊಡ್ಡದು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಹೊತ್ತಿರುವುದೇ ಅವನ ಹೆಸರನ್ನು. ಆದರೆ ಅವನ ಬದುಕಿನ ಬೇರು ಇರುವುದು ಮ್ಯಾಸಿಲನ್ನಿನ ವಾಷಿಂಗ್ಟನ್ ಹೈಸ್ಕೂಲಿನಲ್ಲಿ ಅವನು ಕಳೆದ ಒಂಬತ್ತು ವರ್ಷಗಳಲ್ಲಿ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ತಂಡಕ್ಕೆ ಹನ್ನೊಂದು ಮಂದಿ ಎಂಬುದೊಂದೇ ಸಾಮ್ಯ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡಹುವ ಆಟವಿದು. ಪ್ರತಿಯೊಂದು ನಡೆಯೂ ಮೊದಲೇ ಹೆಣೆದ ವ್ಯೂಹ. ಹನ್ನೊಂದು ಮಂದಿಯಲ್ಲಿ ಒಬ್ಬನು ಒಂದು ಹೆಜ್ಜೆ ತಪ್ಪಿದರೂ ವ್ಯೂಹ ಕುಸಿಯುತ್ತದೆ. ಆದ್ದರಿಂದಲೇ ಈ ಆಟದಲ್ಲಿ ತರಬೇತುದಾರನಿಗೆ ಇರುವಷ್ಟು ಅಧಿಕಾರ ಬೇರೆ ಆಟಗಳಲ್ಲಿ ಕಾಣುವುದು ಅಪರೂಪ.

ಬ್ರೌನ್ ಹುಟ್ಟಿದ್ದು 1908ರ ಸೆಪ್ಟೆಂಬರ್ 7ರಂದು, ಒಹಾಯೊದ ನಾರ್ವಾಕ್ ಎಂಬ ಊರಿನಲ್ಲಿ. ತಂದೆ ಲೆಸ್ಟರ್ ರೈಲ್ವೆಯಲ್ಲಿ ಗಾಡಿಗಳ ಸಂಚಾರ ನಿಯಂತ್ರಿಸುವ ಕೆಲಸದಲ್ಲಿದ್ದವರು. ಗಡಿಯಾರದ ಮುಳ್ಳಿಗೆ ಕಟ್ಟುಬಿದ್ದ ಕೆಲಸ ಅದು. ನಿಮಿಷ ತಪ್ಪಿದರೆ ಅನಾಹುತ. ಮಗನಿಗೆ ಜೀವನವಿಡೀ ಅಂಟಿಕೊಂಡಿದ್ದ ಸಮಯದ ಗೀಳು ಬಂದದ್ದು ಎಲ್ಲಿಂದ ಎಂದು ಬಹಳ ಹುಡುಕಬೇಕಾಗಿಲ್ಲ. ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ ಸಂಸಾರ ಮ್ಯಾಸಿಲನ್ನಿಗೆ ಬಂತು.

ಅವನು ಗಟ್ಟಿಮುಟ್ಟಾದ ಆಳೇನೂ ಅಲ್ಲ. ಹೈಸ್ಕೂಲಿನಲ್ಲಿ ಅವನ ತೂಕ ನೂರೈವತ್ತು ಪೌಂಡು ಕೂಡ ಇರಲಿಲ್ಲ. ಆದರೂ ತಂಡದ ಸೂತ್ರ ಹಿಡಿಯುವ ಕ್ವಾರ್ಟರ್‌ಬ್ಯಾಕ್ ಸ್ಥಾನ ಅವನಿಗೆ ದಕ್ಕಿತು. ಅದೇ ಸ್ಥಾನದಲ್ಲಿ ಅವನಿಗಿಂತ ಮುಂಚೆ ಆಡಿದ್ದವನು ಹ್ಯಾರಿ ಸ್ಟುಲ್‌ಡ್ರೆಯರ್. ಮುಂದೆ ನೋಟರ್‌ಡೇಮ್ ವಿಶ್ವವಿದ್ಯಾಲಯದಲ್ಲಿ ದೇಶವಿಖ್ಯಾತನಾದ ಆಟಗಾರ. ಶಾಲೆ ಮುಗಿಸಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ಬ್ರೌನನಿಗೆ ಅಲ್ಲಿನ ತಂಡದಲ್ಲಿ ಜಾಗ ಸಿಗಲಿಲ್ಲ. ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನ ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಿ, 1930ರಲ್ಲಿ ಪದವೀಧರನಾದ. ತನ್ನನ್ನು ಬೇಡವೆಂದ ಒಹಾಯೊ ಸ್ಟೇಟಿಗೇ ಹನ್ನೊಂದು ವರ್ಷಗಳ ನಂತರ ಅವನು ಮುಖ್ಯ ತರಬೇತುದಾರನಾಗಿ ಹೋದನೆಂಬುದು ವಿಧಿಯ ಒಂದು ಸಣ್ಣ ಚೇಷ್ಟೆ.

ಹೈಸ್ಕೂಲಿನ ಗೆಳತಿ ಕೇಟಿಯನ್ನು ಓದುವಾಗಲೇ ಮದುವೆಯಾಗಿದ್ದರಿಂದ ಸಂಪಾದನೆಯ ದಾರಿ ಹುಡುಕಲೇಬೇಕಿತ್ತು. ಮೇರಿಲ್ಯಾಂಡಿನ ಸೆವರ್ನ್ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಹುಡುಗರನ್ನು ನೌಕಾಪಡೆಯ ಅಕಾಡೆಮಿಗೆ ಅಣಿಗೊಳಿಸುತ್ತಿದ್ದ ಶಾಲೆ ಅದು. ಅಲ್ಲಿ ಎರಡು ವರ್ಷ ಪಾಠವನ್ನೂ ಆಟವನ್ನೂ ಕಲಿಸಿದ. ಅವನ ತಂಡ ಹೆಚ್ಚಿನ ಪಂದ್ಯಗಳನ್ನು ಗೆದ್ದಿತು. ಅಷ್ಟರಲ್ಲಿ ತವರೂರಿನಿಂದ ಕರೆ ಬಂತು.

ಸೋತ ಊರಿನ ಕರೆ

1932ರ ಮ್ಯಾಸಿಲನ್ ಕಂಗೆಟ್ಟ ಊರು. ಮಹಾ ಆರ್ಥಿಕ ಕುಸಿತ ಉಕ್ಕಿನ ಊರುಗಳಿಗೆ ಕೊಟ್ಟ ಪೆಟ್ಟು ಬಲವಾದದ್ದು. ಕುಲುಮೆಗಳು ತಣ್ಣಗಾಗಿದ್ದವು, ಕೂಲಿಯವರು ಮನೆಯಲ್ಲಿ ಕುಳಿತಿದ್ದರು. ಊರಿನ ಹೆಮ್ಮೆಯಾಗಿದ್ದ ‘ಟೈಗರ್ಸ್’ ತಂಡವೂ ನೆಲಕಚ್ಚಿತ್ತು. ಹಿಂದಿನ ವರ್ಷ ಹತ್ತು ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಅಂಥ ಹೊತ್ತಿನಲ್ಲಿ ಇನ್ನೂ ಇಪ್ಪತ್ತನಾಲ್ಕು ತುಂಬದ ತರುಣನ ಕೈಗೆ ತಂಡ ಬಂತು.

ಮೊದಲ ವರ್ಷ ಐದು ಗೆಲುವು, ನಾಲ್ಕು ಸೋಲು, ಒಂದು ಸಮ. ಎರಡನೆಯ ವರ್ಷ ಎಂಟು ಗೆಲುವು, ಎರಡು ಸೋಲು. ಮೂರನೆಯ ವರ್ಷ ಒಂಬತ್ತು ಗೆದ್ದು ಒಂದರಲ್ಲಿ ಮಾತ್ರ ಸೋತ. ಬೇರೆ ಯಾವ ಊರಾದರೂ ಇಷ್ಟಕ್ಕೇ ಮೆರವಣಿಗೆ ಮಾಡುತ್ತಿತ್ತು. ಆದರೆ ಮೂರು ವರ್ಷವೂ ಕ್ಯಾಂಟನ್ನಿನ ಮೆಕಿನ್ಲೆ ಹೈಸ್ಕೂಲಿನ ಎದುರು ಮ್ಯಾಸಿಲನ್ ಸೋತಿತ್ತು. ಋತುವಿನ ಕೊನೆಯ ಆ ಒಂದು ಪಂದ್ಯ ಸೋತರೆ ಉಳಿದ ಒಂಬತ್ತು ಗೆಲುವು ಲೆಕ್ಕಕ್ಕಿಲ್ಲ ಎಂಬುದು ಆ ಊರಿನ ನ್ಯಾಯ. ಹದಿಹರೆಯದ ಹುಡುಗರ ಮೇಲೆ ಇಡೀ ಊರು ತನ್ನ ಮಾನವನ್ನು ಹೇರುವುದು ಸರಿಯೇ ಎಂದು ಇಂದು ಕೇಳಬಹುದು. ಕೆಲಸವಿಲ್ಲದ, ಬೇರೆ ಯಾವುದರಲ್ಲೂ ಗೆಲುವು ಕಾಣದ ಜನಕ್ಕೆ ಅಂದು ಆ ಪ್ರಶ್ನೆ ಕೇಳಿಸುವಂತಿರಲಿಲ್ಲ.

ಮೆಕಿನ್ಲೆಯ ಎದುರಿನ ಸೋಲುಗಳಿಂದ ಬ್ರೌನ್ ಕಲಿತ ಪಾಠವೊಂದಿದೆ. ದೇಹದ ಗಾತ್ರಕ್ಕಿಂತ ವೇಗ ಮುಖ್ಯ ಎಂಬುದು ಅದು. ಓಟದ ಪರೀಕ್ಷೆಗೆ ರೂಢಿಯಲ್ಲಿದ್ದ ನೂರು ಗಜದ ಬದಲು ನಲವತ್ತು ಗಜದ ಅಳತೆಯನ್ನು ಅವನು ಹಿಡಿದದ್ದಕ್ಕೆ ಕಾರಣ ಸರಳವಾಗಿದೆ. ಒದ್ದ ಚೆಂಡಿನ ಬೆನ್ನುಹತ್ತಿ ಆಟಗಾರ ಓಡಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ ದೂರ. ಆಟದಲ್ಲಿ ಓಡದ ದೂರವನ್ನು ಅಳೆದು ಏನು ಪ್ರಯೋಜನ? ಇವತ್ತಿಗೂ ಅಮೆರಿಕದ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ತೂಗುವುದು ಇದೇ ನಲವತ್ತು ಗಜದ ಓಟದಿಂದ.

ತರಗತಿಯಂತೆ ಮೈದಾನ

ಬ್ರೌನ್ ಮೂಲತಃ ಮೇಷ್ಟರು. ಮೈದಾನವನ್ನೂ ಅವನು ತರಗತಿಯೆಂದೇ ಬಗೆದ. ಪ್ರತಿ ಹುಡುಗನ ಕೈಗೂ ಒಂದು ನೋಟ್‌ಬುಕ್. ಹಲಗೆಯ ಮೇಲೆ ಬರೆದ ವ್ಯೂಹಗಳನ್ನು ಹುಡುಗರು ತಮ್ಮ ಕೈಯಾರೆ ನಕಲು ಮಾಡಿಕೊಳ್ಳಬೇಕು. ಆಮೇಲೆ ಲಿಖಿತ ಪರೀಕ್ಷೆ. ತನ್ನ ಕೆಲಸವಷ್ಟೇ ಗೊತ್ತಿದ್ದರೆ ಸಾಲದು, ಪಕ್ಕದವನ ಕೆಲಸವೂ ಗೊತ್ತಿರಬೇಕು. ಬರೆದದ್ದು ಮನಸ್ಸಿನಲ್ಲಿ ನಿಲ್ಲುತ್ತದೆ, ಕೇಳಿದ್ದು ಹಾರಿಹೋಗುತ್ತದೆ ಎಂಬ ಮೇಷ್ಟರ ಹಳೆಯ ನಂಬಿಕೆಯನ್ನು ಅವನು ಫುಟ್‌ಬಾಲಿಗೆ ತಂದ. ಇಂದು ಕೇಳಿದರೆ ಸಾಮಾನ್ಯ ಸಂಗತಿ ಎನಿಸಬಹುದು. ಅರಚಾಟವೇ ತರಬೇತಿ ಎನಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇದು ಹೊಸತು.

ಅಭ್ಯಾಸಕ್ಕೆ ನಿಮಿಷ ನಿಮಿಷದ ವೇಳಾಪಟ್ಟಿ ಇರುತ್ತಿತ್ತು. ಇಷ್ಟು ಹೊತ್ತು ತಡೆಯುವ ಅಭ್ಯಾಸ, ಇಷ್ಟು ಹೊತ್ತು ಎಸೆತ, ಇಷ್ಟು ಹೊತ್ತು ಒದೆತ ಎಂದು ಕಾಗದದ ಮೇಲೆ ಬರೆದೇ ಅವನು ಮೈದಾನಕ್ಕೆ ಇಳಿಯುತ್ತಿದ್ದ. ಸಮಯ ಮುಗಿದರೆ ಮುಗಿಯಿತು. ಹುಡುಗರನ್ನು ಕತ್ತಲಾಗುವವರೆಗೆ ದಣಿಸುವುದರಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ತಡವಾಗಿ ಬರುವುದು, ಧೂಮಪಾನ, ಮದ್ಯ ಇವಕ್ಕೆ ಕ್ಷಮೆಯೂ ಇರಲಿಲ್ಲ. ಅವನು ಕೂಗಾಡುವವನಲ್ಲ, ಅವನ ತಣ್ಣನೆಯ ನೋಟ, ಚುಚ್ಚುವ ಒಂದು ಮಾತು ಕೂಗಾಟಕ್ಕಿಂತ ಹೆಚ್ಚು ನೋಯಿಸುತ್ತಿತ್ತು. ಅವನನ್ನು ಗೌರವಿಸಿದವರೆಲ್ಲ ಅವನನ್ನು ಪ್ರೀತಿಸಿದರೆಂದು ಹೇಳಲಾಗದು.

ಆದರೆ ಅವನ ನಿಜವಾದ ಸಾಧನೆ ಇದ್ದದ್ದು ಹೈಸ್ಕೂಲಿನ ಕೆಳಗೆ. ಊರಿನ ಜೂನಿಯರ್ ಹೈಸ್ಕೂಲುಗಳ ತರಬೇತುದಾರರೂ ತನ್ನದೇ ಪದ್ಧತಿಯನ್ನು, ತನ್ನದೇ ಪರಿಭಾಷೆಯಲ್ಲಿ ಕಲಿಸಬೇಕೆಂದು ಅವನು ಏರ್ಪಾಡು ಮಾಡಿದ. ಹನ್ನೆರಡು ಹದಿಮೂರು ವರ್ಷದ ಹುಡುಗ ಕಲಿತ ವ್ಯೂಹವೇ ಹದಿನೇಳನೆಯ ವಯಸ್ಸಿನಲ್ಲೂ ಅವನ ಮುಂದಿರುತ್ತಿತ್ತು. ಹುಡುಗ ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಅರ್ಧ ತಯಾರಾಗಿರುತ್ತಿದ್ದ. ಒಂದು ವರ್ಷದ ಪ್ರತಿಭೆಗಳು ಶಾಲೆ ಬಿಟ್ಟುಹೋದರೆ ತಂಡ ಬಡವಾಗುವುದು ಎಲ್ಲ ಶಾಲೆಗಳ ಪಾಡು. ಮ್ಯಾಸಿಲನ್ನಿಗೆ ಆ ಪಾಡು ತಪ್ಪಿತು. ಒಬ್ಬ ಜಾಣ ತರಬೇತುದಾರ ಒಂದು ಒಳ್ಳೆಯ ತಂಡ ಕಟ್ಟಬಲ್ಲ. ವರ್ಷ ವರ್ಷವೂ ತಂಡ ತಾನಾಗಿ ಹುಟ್ಟುವಂತೆ ಮಾಡುವುದು ಬೇರೆಯದೇ ಕೆಲಸ.

ಫಲ ಸಿಕ್ಕಿದ್ದು 1935ರಲ್ಲಿ. ಹತ್ತಕ್ಕೆ ಹತ್ತೂ ಪಂದ್ಯ ಗೆದ್ದ ಮ್ಯಾಸಿಲನ್, ಮೆಕಿನ್ಲೆಯನ್ನೂ 6-0ಯಿಂದ ಮಣಿಸಿತು. ಅಲ್ಲಿಂದ 1940ರವರೆಗೆ ಸತತ ಆರು ವರ್ಷ ಒಹಾಯೊ ರಾಜ್ಯದ ಚಾಂಪಿಯನ್ ಪಟ್ಟ ಈ ಶಾಲೆಯದೇ. ಆ ಆರು ವರ್ಷಗಳ 60 ಪಂದ್ಯಗಳಲ್ಲಿ 58 ಗೆಲುವು, ಒಂದು ಸಮ, ಒಂದು ಸೋಲು. ಆ ಒಂದು ಸೋಲು 1937ರಲ್ಲಿ ಪೆನ್ಸಿಲ್ವೇನಿಯದ ನ್ಯೂಕ್ಯಾಸಲ್ ತಂಡದ ಎದುರು, ಹಲವು ಹುಡುಗರು ಫ್ಲೂ ಜ್ವರದಿಂದ ಬಳಲುತ್ತಿದ್ದಾಗ ಬಂದದ್ದು.

ತಂಡ ಬೆಳೆದಂತೆ ಊರೂ ಅದರ ಸುತ್ತ ಬೆಳೆಯಿತು. ಹಳೆಯ ಮೈದಾನ ಜನಕ್ಕೆ ಸಾಲದಾಯಿತು. ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ರೂಸ್‌ವೆಲ್ಟ್ ಸರ್ಕಾರ ಆರಂಭಿಸಿದ್ದ ಕಾಮಗಾರಿ ಯೋಜನೆಯ ನೆರವಿನಿಂದ 1939ರಲ್ಲಿ ಹೊಸ ಕ್ರೀಡಾಂಗಣ ಎದ್ದಿತು. ಸುಮಾರು 26 ಸಾವಿರ ಜನಸಂಖ್ಯೆಯ ಊರಿಗೆ ಇಪ್ಪತ್ತು ಸಾವಿರದಷ್ಟು ಜನ ಕೂರುವ ಕ್ರೀಡಾಂಗಣ! ಅದೂ ಒಂದು ಹೈಸ್ಕೂಲಿಗಾಗಿ. ಪಂದ್ಯದ ನಡುವಿನ ಬಿಡುವೂ ಖಾಲಿ ಹೋಗಬಾರದೆಂದು ಜಾರ್ಜ್ ‘ರೆಡ್’ ಬರ್ಡ್ ಎಂಬ ಸಂಗೀತ ಮೇಷ್ಟರು ಶಾಲೆಯ ವಾದ್ಯವೃಂದವನ್ನು ಹೊಸ ರೀತಿಯಲ್ಲಿ ಕಟ್ಟಿದರು. ಬಿಗಿ ಹೆಜ್ಜೆಯ ಕವಾಯತಿನ ಬದಲು ಆ ಕಾಲದ ಜನಪ್ರಿಯ ಸ್ವಿಂಗ್ ಸಂಗೀತ, ಕುಣಿತ. ಆಟ ಅರ್ಥವಾಗದವರೂ ಟಿಕೆಟ್ ಕೊಂಡು ಬರತೊಡಗಿದರು. ಬರ್ಡ್ ಮುಂದೆ ಬ್ರೌನನ ಜೊತೆಯಲ್ಲೇ ಕ್ಲೀವ್‌ಲ್ಯಾಂಡಿಗೂ ಹೋದರು.

1940ರ ತಂಡ ಬ್ರೌನ್ ಕಟ್ಟಿದ ಶಾಲಾ ತಂಡಗಳಲ್ಲೆಲ್ಲ ಶ್ರೇಷ್ಠವಾದದ್ದು. ಹತ್ತು ಪಂದ್ಯಗಳಲ್ಲಿ ಅದು ಗಳಿಸಿದ್ದು 477 ಅಂಕ. ಬಿಟ್ಟುಕೊಟ್ಟದ್ದು ಬರೀ ಆರು. ಆ ಆರು ಅಂಕವನ್ನೂ ಗಳಿಸಿದ್ದು, ಬೇರೆ ಯಾರು, ಮೆಕಿನ್ಲೆಯೇ. ಪಂದ್ಯವನ್ನು ಮಾತ್ರ 34-6ರಿಂದ ಸೋತಿತು.

ಬಣ್ಣ ಕೇಳದ ತಂಡ

ಅಮೆರಿಕದ ಬಹುಭಾಗದಲ್ಲಿ ಕರಿಯ ಹುಡುಗರೂ ಬಿಳಿಯ ಹುಡುಗರೂ ಒಂದೇ ಶಾಲೆಗೆ ಹೋಗುವಂತಿರದಿದ್ದ ಕಾಲವದು. ಮ್ಯಾಸಿಲನ್ನಿನಲ್ಲಿ ಬ್ರೌನ್ ಕರಿಯ ಆಟಗಾರರನ್ನು ಆಡಿಸಿದ. ಅವರಲ್ಲಿ ಹೊರೇಸ್ ಗಿಲಮ್ ಮುಂದೆ ವೃತ್ತಿಪರ ಆಟದಲ್ಲೂ ಚೆಂಡು ಒದೆಯುವುದರಲ್ಲಿ ಹೆಸರಾದ. ಬ್ರೌನ್ ಸಮಾಜ ಸುಧಾರಕನಾಗಿರಲಿಲ್ಲ. ಆಡಬಲ್ಲವನು ಆಡಬೇಕು ಎಂಬುದರಾಚೆ ಅವನಿಗೆ ಬೇರೆ ಸಿದ್ಧಾಂತವಿದ್ದಂತೆ ಕಾಣುವುದಿಲ್ಲ.

ಎದುರು ಪಾಳೆಯದಲ್ಲಿ ಅಂಥದೇ ಇನ್ನೊಬ್ಬ ಹುಡುಗನಿದ್ದ. ಮೆಕಿನ್ಲೆಯ ಮೇರಿಯನ್ ಮಾಟ್ಲಿ. ಮೂರು ವರ್ಷಗಳಲ್ಲಿ ಅವನ ತಂಡ ಸೋತದ್ದು ಮೂರೇ ಪಂದ್ಯ, ಮೂರೂ ಮ್ಯಾಸಿಲನ್ನಿನ ಎದುರು. ಆ ಹುಡುಗನನ್ನು ಬ್ರೌನ್ ಮರೆಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ರೇಟ್ ಲೇಕ್ಸ್ ನೌಕಾ ಕೇಂದ್ರದ ತಂಡಕ್ಕೆ ತರಬೇತಿ ಕೊಡುತ್ತಿದ್ದಾಗ ಮಾಟ್ಲಿ ಅವನ ಕೈಕೆಳಗೆ ಆಡಿದ. 1946ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಕಟ್ಟುವಾಗ ಮಾಟ್ಲಿಯನ್ನೂ ಒಹಾಯೊ ಸ್ಟೇಟಿನ ತನ್ನ ಹಳೆಯ ಶಿಷ್ಯ ಬಿಲ್ ವಿಲ್ಲಿಸನನ್ನೂ ಸೇರಿಸಿಕೊಂಡ. ಬೇಸ್‌ಬಾಲಿನಲ್ಲಿ ಜಾಕಿ ರಾಬಿನ್ಸನ್ ವರ್ಣದ ಗೋಡೆ ಒಡೆದು ಪ್ರಮುಖ ಲೀಗಿಗೆ ಬಂದದ್ದು ಅದರ ಮರುವರ್ಷ. ಆದರೆ ಅದೇ 1946ರಲ್ಲಿ ಫ್ಲಾರಿಡದ ಮಯಾಮಿಯಲ್ಲಿ ನಡೆದ ಪಂದ್ಯಕ್ಕೆ ಇವರಿಬ್ಬರನ್ನು ಬಿಟ್ಟೇ ತಂಡ ಹೋಯಿತು ಎಂಬುದನ್ನೂ ಇಲ್ಲಿ ಹೇಳಬೇಕು. ಮಾಟ್ಲಿಯೂ ವಿಲ್ಲಿಸನೂ ಗಿಲಮ್ ಕೂಡ ಸೇರಿದ್ದ, ಮ್ಯಾಸಿಲನ್ನಿನ ಲಿನ್ ಹ್ಯೂಸ್ಟನ್, ಟಾಮಿ ಜೇಮ್ಸ್ ಆಡಿದ ಆ ತಂಡ ಒಂದರ್ಥದಲ್ಲಿ ಎಂಟು ಮೈಲಿ ಅಂತರದ ಎರಡು ಹೈಸ್ಕೂಲುಗಳ ಮುಂದುವರಿಕೆಯೇ ಆಗಿತ್ತು.

ಮ್ಯಾಸಿಲನ್ನಿನಲ್ಲಿ ಒಟ್ಟು 80 ಗೆಲುವು, 8 ಸೋಲು, 2 ಸಮದ ಲೆಕ್ಕ ಬಿಟ್ಟು 1941ರಲ್ಲಿ ಅವನು ಒಹಾಯೊ ಸ್ಟೇಟಿಗೆ ಹೊರಟಾಗ ವಯಸ್ಸು ಮೂವತ್ತೆರಡು. ಅವನ ಪರವಾಗಿ ಒತ್ತಾಯ ಹೇರಿದವರಲ್ಲಿ ರಾಜ್ಯದ ಹೈಸ್ಕೂಲ್ ತರಬೇತುದಾರರ ಸಂಘವೂ ಇತ್ತು. ತಮ್ಮಲ್ಲೊಬ್ಬ ಮೇಲೇರುವ ಹೆಮ್ಮೆ ಅದಕ್ಕೆ ಕಾರಣವಿರಬಹುದು. ಆದರೆ ಅವನು ಹೊರಟುಹೋದರೆ ತಮಗೂ ಗೆಲ್ಲುವ ಅವಕಾಶ ಸಿಕ್ಕೀತೆಂಬ ಆಸೆಯೂ ಕೆಲವರಿಗೆ ಇದ್ದಿದ್ದರೆ ಆಶ್ಚರ್ಯವಿಲ್ಲ. 1942ರಲ್ಲಿ ಅವನ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ವರ್ಷದ ಏಕೈಕ ಸೋಲಿಗೂ ಕಾಯಿಲೆಯೇ ಕಾರಣ. ಕೆಟ್ಟ ನೀರು ಕುಡಿದು ಆಟಗಾರರಿಗೆ ಹೊಟ್ಟೆ ಕೆಟ್ಟಿತ್ತು.

ಮುಂದಿನದು ಹೆಚ್ಚು ಪರಿಚಿತವಾದ ಕಥೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ 1946ರಿಂದ 1949ರವರೆಗೆ ತನ್ನ ಲೀಗಿನ ನಾಲ್ಕೂ ಪ್ರಶಸ್ತಿ ಗೆದ್ದಿತು. ಎನ್‌ಎಫ್‌ಎಲ್ ಸೇರಿದ ಮೊದಲ ವರ್ಷ, 1950ರಲ್ಲೇ ಚಾಂಪಿಯನ್ ಆಯಿತು. 1954 ಮತ್ತು 1955ರಲ್ಲೂ ಗೆದ್ದಿತು. ನೋಟ್‌ಬುಕ್, ಲಿಖಿತ ಪರೀಕ್ಷೆ, ನಿಮಿಷದ ವೇಳಾಪಟ್ಟಿ ಎಲ್ಲವೂ ಹೈಸ್ಕೂಲಿನಿಂದ ಹಾಗೆಯೇ ಬಂದಿದ್ದವು. ಯುದ್ಧದಿಂದ ಮರಳಿದ ದಾಂಡಿಗರು ಶಾಲೆಯ ಹುಡುಗರಂತೆ ಬೆಂಚಿನ ಮೇಲೆ ಕುಳಿತು ವ್ಯೂಹ ಬರೆದುಕೊಂಡರು. 1963ರ ಜನವರಿಯಲ್ಲಿ ತಂಡದ ಹೊಸ ಮಾಲೀಕ ಆರ್ಟ್ ಮೊಡೆಲ್ ಅವನನ್ನು ಕೆಲಸದಿಂದ ತೆಗೆದ. ತನ್ನ ಹೆಸರೇ ಹೊತ್ತ ತಂಡದಿಂದ ಹೊರಬಿದ್ದ ಅವಮಾನ ಅವನನ್ನು ಬಹುಕಾಲ ಕಾಡಿತು. ಐದು ವರ್ಷ ಸುಮ್ಮನಿದ್ದು, 1968ರಲ್ಲಿ ಅದೇ ರಾಜ್ಯದ ಸಿನ್ಸಿನಾಟಿಯಲ್ಲಿ ಬೆಂಗಾಲ್ಸ್ ಎಂಬ ಹೊಸ ತಂಡವನ್ನು ಆರಂಭಿಸಿ, 1975ರ ಋತುವಿನವರೆಗೆ ತಾನೇ ತರಬೇತಿ ಕೊಟ್ಟ. ಹೆಂಡತಿ ಕೇಟಿ 1969ರಲ್ಲೇ ತೀರಿಕೊಂಡಿದ್ದಳು.

ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ 1967ರಲ್ಲಿ ಅವನನ್ನು ಸೇರಿಸಿಕೊಂಡಿತು. ಆ ಗೌರವಭವನ ಇರುವುದು ಕ್ಯಾಂಟನ್ನಿನಲ್ಲಿ. ಮೂರು ವರ್ಷ ಸತತವಾಗಿ ತನ್ನನ್ನು ಸೋಲಿಸಿದ ಊರಿನಲ್ಲೇ ಅವನ ಕಂಚಿನ ಪ್ರತಿಮೆ ನಿಂತಿತು. 1976ರಲ್ಲಿ ಮ್ಯಾಸಿಲನ್ ತನ್ನ ಕ್ರೀಡಾಂಗಣಕ್ಕೆ ಅವನ ಹೆಸರಿಟ್ಟಿತು. 1991ರ ಆಗಸ್ಟ್ 5ರಂದು ಬ್ರೌನ್ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ಕ್ಲೀವ್‌ಲ್ಯಾಂಡಿನಲ್ಲೂ ಅಲ್ಲ, ಸಿನ್ಸಿನಾಟಿಯಲ್ಲೂ ಅಲ್ಲ, ಮ್ಯಾಸಿಲನ್ನಿನ ರೋಸ್‌ಹಿಲ್ ಸ್ಮಶಾನದಲ್ಲಿ.