ಜಾವಾದ ಜನಕ ಯಾನೆಚೆಕ್

ಒಂದು ಯಂತ್ರವನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದವನಿಗೆ ಅದನ್ನು ರೂಪಿಸಿದವನ ಮನಸ್ಸು ತಕ್ಕಮಟ್ಟಿಗೆ ತಿಳಿಯುತ್ತದೆಂದು ನಾನು ನಂಬಿದ್ದೇನೆ. ಜಾವಾ ಮೋಟಾರ್ ಸೈಕಲ್ಲಿನ ಹೆಸರು ನಮ್ಮ ನಾಡಿನಲ್ಲಿ ಮನೆಮಾತಾಗಿದೆ. ಆ ಹೆಸರಿಗೆ ತನ್ನ ಹೆಸರಿನ ಮೊದಲಕ್ಷರವನ್ನು ಕೊಟ್ಟ ಫ್ರಾಂಟಿಷೆಕ್ ಯಾನೆಚೆಕ್ ತನ್ನ ದೇಶದಲ್ಲಿ ಪ್ರಖ್ಯಾತನು. ಆದರೆ ಅವನ ಬಾಳಿನ ಕಥೆಯನ್ನು ಬಲ್ಲವರು ನಮ್ಮಲ್ಲಿ ವಿರಳ.

ಯಾನೆಚೆಕ್ 1878ರ ಜನವರಿ 23ರಂದು ಬೊಹೀಮಿಯಾದ ಹಳ್ಳಿಯೊಂದರಲ್ಲಿ ಹುಟ್ಟಿದನು. ಆ ಪ್ರಾಂತ ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದಿತು. ಯಂತ್ರಶಾಸ್ತ್ರವನ್ನು ಓದಿ ಜಾಣ ಶಿಲ್ಪಿಯೆನಿಸಿದ ಅವನನ್ನು ಮೊದಲನೆಯ ಮಹಾಯುದ್ಧ ಆಯುಧಗಳ ಕಡೆಗೆ ಸೆಳೆಯಿತು. ಯುದ್ಧ ಮುಗಿದು ಚೆಕೊಸ್ಲೊವಾಕಿಯಾ ಸ್ವತಂತ್ರ ದೇಶವಾದ ಮೇಲೆ ಅವನು ಕೈಬಾಂಬು ಮೊದಲಾದ ಶಸ್ತ್ರಗಳನ್ನು ತಯಾರಿಸಿ ಸಂಪತ್ತು ಗಳಿಸಿದನು. ಜೀವನಚರಿತ್ರೆಯನ್ನು ಬರೆಯುವವನು ಇದನ್ನು ಮರೆಮಾಚಲಾಗದು.

ಶಾಂತಿಕಾಲದಲ್ಲಿ ಆಯುಧಗಳ ಬೇಡಿಕೆ ಇಳಿಯತೊಡಗಿತು. ಕಾರ್ಖಾನೆಗೆ ಬೇರೊಂದು ಉದ್ಯೋಗ ಬೇಕಾಯಿತು. 1929ರಲ್ಲಿ ಯಾನೆಚೆಕ್ ಜರ್ಮನಿಯ ವಾಂಡರರ್ ಸಂಸ್ಥೆಯಿಂದ 500 ಸಿ.ಸಿ. ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡನು. ಎರಡು ಹೆಸರುಗಳ ಆದ್ಯಕ್ಷರಗಳು ಕೂಡಿ ಜಾವಾ ಆಯಿತು. ಚೆಕ್ ಭಾಷೆಯಲ್ಲಿ ಅದರ ಉಚ್ಚಾರ ಯಾವಾ. ಗಾಡಿಯೇನೋ ಘನವಾದದ್ದು, ಆದರೆ ಬೆಲೆ ದುಬಾರಿ, ತೊಡಕುಗಳು ಹಲವು. ಅದೇ ಸಮಯಕ್ಕೆ ಜಗತ್ತನ್ನು ಆರ್ಥಿಕ ಮುಗ್ಗಟ್ಟು ಕವಿಯಿತು. ಕೊಳ್ಳುವವರು ಬರಲಿಲ್ಲ.

ಅವನ ದೊಡ್ಡತನ ಕಂಡುದು ಇಲ್ಲಿಯೇ. ಹಿರಿಮೆಯ ಹಟವನ್ನು ಬಿಟ್ಟು, ಬಡವನ ಕೈಗೆಟಕುವ ವಾಹನವನ್ನು ಅವನು ಯೋಚಿಸಿದನು. ಪ್ಯಾಚೆಟ್ ಎಂಬ ಇಂಗ್ಲಿಷ್ ಶಿಲ್ಪಿಯ ನೆರವಿನಿಂದ, ಇಂಗ್ಲೆಂಡಿನ ವಿಲಿಯರ್ಸ್ ಇಂಜಿನ್ನನ್ನು ಕೂಡಿಸಿದ 175 ಸಿ.ಸಿ.ಯ ಹಗುರ ಗಾಡಿ 1932ರಲ್ಲಿ ಹೊರಬಂದಿತು. ಅದು ಟೂ-ಸ್ಟ್ರೋಕ್ ಇಂಜಿನ್ನು. ಜನ ಅದನ್ನು ಮೆಚ್ಚಿಕೊಂಡರು, ಸಂಸ್ಥೆ ಉಳಿಯಿತು.

1939ರಲ್ಲಿ ಜರ್ಮನರು ದೇಶವನ್ನು ಆಕ್ರಮಿಸಿದರು. ಕಾರ್ಖಾನೆ ಮತ್ತೆ ಯುದ್ಧದ ಕೆಲಸಕ್ಕೆ ಸಿಕ್ಕಿತು. 1941ರ ಜೂನ್ 4ರಂದು ಯಾನೆಚೆಕ್ ತೀರಿಕೊಂಡನು. ಆದರೂ ಅವನ ಶಿಲ್ಪಿಗಳು ಆಕ್ರಮಣಕಾರರ ಕಣ್ಣುತಪ್ಪಿಸಿ 250 ಸಿ.ಸಿ.ಯ ಹೊಸ ಗಾಡಿಯೊಂದನ್ನು ಸಿದ್ಧಗೊಳಿಸಿದರು. ಅದು 1946ರಲ್ಲಿ ಲೋಕದ ಮುಂದೆ ಬಂದಿತು. ಆ ವಂಶದ ಗಾಡಿಯನ್ನೇ 1961ರಿಂದ ಮೈಸೂರಿನ ಐಡಿಯಲ್ ಜಾವಾ ಸಂಸ್ಥೆ ತಯಾರಿಸತೊಡಗಿತು. ಮುಂದೆ ಯೆಜ್ಡಿ ಎಂಬ ಹೆಸರು ತಳೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅದು ಬಾಳಿತು.

ಅಂಥದೊಂದು ಮೈಸೂರು ಗಾಡಿ ನಮ್ಮಲ್ಲಿಯೂ ಇತ್ತು. ಮಲಪ್ರಭೆಯ ದಂಡೆಯ ಶಿವಯೋಗಮಂದಿರದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ನಾನು ಅದರ ಇಂಜಿನ್ನನ್ನು ಬಿಚ್ಚಿದಾಗ, 1932ರ ಆ ನಿರ್ಧಾರದ ಅರ್ಥ ಮನದಟ್ಟಾಯಿತು. ಹೆಡ್ಡನ್ನೂ ಸಿಲಿಂಡರನ್ನೂ ಕಳಚಿದರೆ ಚಲಿಸುವ ಮುಖ್ಯ ಅಂಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಕವಾಟಗಳಿಲ್ಲ, ಸಿಲಿಂಡರಿನ ಗೋಡೆಯ ರಂಧ್ರಗಳನ್ನು ಏರಿಳಿಯುವ ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಆ ಮೂರಕ್ಕೂ ಜಿಡ್ಡು. ಹೊಗೆ ಹೋಗುವ ರಂಧ್ರದಲ್ಲಿ ಕಟ್ಟಿದ ಮಸಿಯನ್ನು ಬಿದಿರಿನ ಸೀಳಿನಿಂದ ಕೆರೆದು ತೆಗೆದೆನು.

ಜೋಡಿಸುವಾಗ ಮಾತ್ರ ಎರಡು ಎಚ್ಚರಗಳು ಬೇಕು. ರಿಂಗಿನ ಎರಡು ತುದಿಗಳು ಪಿಸ್ಟನ್ನಿನ ಗಾಡಿಯಲ್ಲಿರುವ ಪುಟ್ಟ ಮೊಳೆಯ ಆಚೀಚೆ ಕೂಡಬೇಕು. ತಪ್ಪಿದರೆ ಅವು ರಂಧ್ರಕ್ಕೆ ಸಿಕ್ಕಿ ಮುರಿಯುತ್ತವೆ. ಕ್ರ್ಯಾಂಕಿನ ಪೆಟ್ಟಿಗೆಯಲ್ಲಿ ಎಲ್ಲಿಯೂ ಗಾಳಿ ನುಸುಳಬಾರದು. ಹೊಸ ಅನಿಲವನ್ನು ಮೊದಲು ಒಳಗೆಳೆದು, ಒತ್ತಿ ಮೇಲಕ್ಕೆ ಕಳಿಸುವುದು ಆ ಪೆಟ್ಟಿಗೆಯೇ. ಇಷ್ಟನ್ನು ಅರಿತವನಿಗೆ ಪಡಸಾಲೆಯೇ ಕಾರ್ಖಾನೆ.

ಎಣ್ಣೆಯನ್ನು ಸುಡುವ ಈ ಇಂಜಿನ್ನಿನ ಹೊಗೆ ಊರಿಗೆ ಹಿತವಲ್ಲ. ಅದು ರಸ್ತೆಗಳಿಂದ ಹಿಂದೆ ಸರಿದುದು ನ್ಯಾಯವೇ. ಆದರೆ ವಾಹನದೊಂದಿಗೆ ಅದನ್ನು ಅರಿಯುವ ಅಧಿಕಾರವನ್ನೂ ಒಡೆಯನಿಗೆ ಕೊಟ್ಟ ಗುಣ ಸಣ್ಣದಲ್ಲ. ಮುದ್ರೆಯೊತ್ತಿದ ಪೆಟ್ಟಿಗೆಗಳಂಥ ಯಂತ್ರಗಳ ನಡುವೆ ಬೆಳೆಯುತ್ತಿರುವ ಇಂದಿನ ವಿದ್ಯಾರ್ಥಿಗಳು ಇದನ್ನು ಚಿಂತಿಸಬೇಕು. ಆಯುಧಗಳಿಂದ ಸಿರಿವಂತನಾದ ಯಾನೆಚೆಕ್ಕನನ್ನು ಲೋಕ ಇಂದು ನೆನೆಯುವುದು ಅವನ ಬಾಂಬುಗಳಿಗಾಗಿ ಅಲ್ಲ; ಸಾಮಾನ್ಯನೊಬ್ಬನು ತನ್ನ ಕೈಯಾರೆ ಬಿಚ್ಚಿ ಕಟ್ಟಬಲ್ಲ ಒಂದು ಸರಳ ಯಂತ್ರಕ್ಕಾಗಿ.