ಜೋಸೆಫ್ ಪಿಲಾಟಿಸ್

ಜೋಸೆಫ್ ಹ್ಯೂಬರ್ಟಸ್ ಪಿಲಾಟಿಸ್ (ಡಿಸೆಂಬರ್ 9, 1883 – ಅಕ್ಟೋಬರ್ 9, 1967) ಜರ್ಮನಿಯಲ್ಲಿ ಜನಿಸಿ ಅಮೆರಿಕಾದಲ್ಲಿ ನೆಲೆಸಿದ ವ್ಯಾಯಾಮ ಶಿಕ್ಷಕರು. ಹೊಟ್ಟೆ, ಸೊಂಟ ಹಾಗೂ ಬೆನ್ನಿನ ಸ್ನಾಯುಗಳನ್ನು ಒಟ್ಟಾಗಿ ಬಲಪಡಿಸುವ ಅಂಗಸಾಧನಾ ಪದ್ಧತಿಯೊಂದನ್ನು ಇವರು ರೂಪಿಸಿದರು. ಇವರು ಅದಕ್ಕೆ ಕಂಟ್ರಾಲಜಿ ಎಂದು ಹೆಸರಿಟ್ಟಿದ್ದರೂ ಇಂದು ಅದು ಇವರ ಹೆಸರಿನಿಂದಲೇ, ಪಿಲಾಟಿಸ್ ಎಂದು, ಪ್ರಸಿದ್ಧವಾಗಿದೆ. ತಮ್ಮ ಪದ್ಧತಿಯನ್ನು ವೈದ್ಯಲೋಕ ಒಪ್ಪಬೇಕೆಂಬುದು ಇವರ ಜೀವಮಾನದ ಆಸೆಯಾಗಿತ್ತು. ಇವರು ಬದುಕಿರುವಾಗ ಆ ಮನ್ನಣೆ ದೊರೆಯಲಿಲ್ಲ. ಪದ್ಧತಿಯನ್ನು ಉಳಿಸಿ ಬೆಳೆಸಿದವರು ಮುಖ್ಯವಾಗಿ ನೃತ್ಯ ಕಲಾವಿದರು.

ಬಾಲ್ಯ

ಪಿಲಾಟಿಸ್ ಅವರು ಜರ್ಮನಿಯ ರೈನ್ ಪ್ರಾಂತ್ಯದ ಮಾಂಚೆನ್‌ಗ್ಲಾಡ್‌ಬಾಖ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಲೋಹದ ಕೆಲಸಗಾರರು. ಬಾಲಕನಾಗಿದ್ದಾಗ ಇವರು ಉಬ್ಬಸ, ಮೂಳೆಗಳನ್ನು ಮೆತ್ತಗಾಗಿಸುವ ರಿಕೆಟ್ಸ್ ಮತ್ತು ಕೀಲುವಾತದ ಜ್ವರಗಳಿಂದ ಬಳಲಿದರೆಂದು ಇವರ ಜೀವನ ವೃತ್ತಾಂತಗಳು ತಿಳಿಸುತ್ತವೆ. ದುರ್ಬಲವಾದ ಮೈಯನ್ನು ಗಟ್ಟಿಗೊಳಿಸಿಕೊಳ್ಳುವ ಹಟದಿಂದಲೇ ಇವರ ವ್ಯಾಯಾಮದ ಆಸಕ್ತಿ ಆರಂಭವಾಯಿತು. ಜಿಮ್ನಾಸ್ಟಿಕ್ಸ್, ಮುಷ್ಟಿಯುದ್ಧ ಮೊದಲಾದವುಗಳನ್ನು ಅಭ್ಯಾಸ ಮಾಡಿದರು. ಸ್ನಾಯುಗಳ ರಚನೆಯನ್ನು ಅಂಗರಚನಾಶಾಸ್ತ್ರದ ಚಿತ್ರಗಳಿಂದಲೂ ಪ್ರಾಣಿಗಳ ಚಲನೆಯನ್ನು ಗಮನಿಸುವುದರಿಂದಲೂ ಅರಿತುಕೊಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಜರ್ಮನಿಯಲ್ಲಿ ಊರೂರಿನಲ್ಲೂ ವ್ಯಾಯಾಮ ಸಂಘಗಳಿದ್ದು, ದೇಹದಾರ್ಢ್ಯವನ್ನು ನಾಗರಿಕ ಕರ್ತವ್ಯವೆಂದು ಭಾವಿಸುವ ವಾತಾವರಣವಿತ್ತು. ಪಿಲಾಟಿಸ್ ಬೆಳೆದದ್ದು ಅಂತಹ ವಾತಾವರಣದಲ್ಲಿ.

ಇಂಗ್ಲೆಂಡ್ ಮತ್ತು ಯುದ್ಧಕಾಲದ ಬಂಧನ

ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಪಿಲಾಟಿಸ್ ಇಂಗ್ಲೆಂಡಿಗೆ ತೆರಳಿದರು. 1914ರಲ್ಲಿ ಯುದ್ಧ ಆರಂಭವಾದಾಗ ಅಲ್ಲಿದ್ದ ಜರ್ಮನ್ ಪ್ರಜೆಗಳನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಬಂಧನದಲ್ಲಿರಿಸಿತು. ಪಿಲಾಟಿಸ್ ಅವರನ್ನು ಮೊದಲು ಲ್ಯಾಂಕಾಸ್ಟರ್‌ನ ಶಿಬಿರದಲ್ಲಿಯೂ ಅನಂತರ ಐಲ್ ಆಫ್ ಮ್ಯಾನ್ ದ್ವೀಪದ ನೊಕೇಲೋ ಶಿಬಿರದಲ್ಲಿಯೂ ಇರಿಸಲಾಯಿತು. ನೊಕೇಲೋದಲ್ಲಿ ಮುಳ್ಳುತಂತಿಯ ಒಳಗೆ 20,000ಕ್ಕೂ ಹೆಚ್ಚು ಮಂದಿ ಮರದ ಗುಡಿಸಲುಗಳಲ್ಲಿ ವರ್ಷಗಟ್ಟಲೆ ಕಾಲ ಕಳೆದರು. ಕೆಲಸವಿಲ್ಲದೆ, ಬಿಡುಗಡೆಯ ದಿನ ತಿಳಿಯದೆ ಕುಳಿತಿರುವುದೇ ಅವರಿಗೆ ದೊಡ್ಡ ಶಿಕ್ಷೆಯಾಗಿತ್ತು.

ಯಾವ ಸಲಕರಣೆಯೂ ಇಲ್ಲದೆ ನೆಲದ ಮೇಲೆ ಮಾಡಬಹುದಾದ ವ್ಯಾಯಾಮಗಳ ಸರಣಿ ರೂಪುಗೊಂಡದ್ದು ಈ ಬಂಧನದ ಅವಧಿಯಲ್ಲಿಯೇ ಎಂದು ಪಿಲಾಟಿಸ್ ಮುಂದೆ ಹೇಳಿಕೊಂಡರು. ಹಾಸಿಗೆ ಹಿಡಿದ ಬಂಧಿತರ ಮಂಚಗಳಿಗೆ ಸ್ಪ್ರಿಂಗುಗಳನ್ನು ಕಟ್ಟಿ, ಮಲಗಿದಲ್ಲಿಯೇ ಕೈಕಾಲುಗಳಿಗೆ ಅಂಗಸಾಧನೆ ಮಾಡಿಸಿದರೆಂಬ ಕಥೆಯೂ, ಇವರಿಂದ ತರಬೇತಿ ಪಡೆದವರಲ್ಲಿ ಯಾರೂ 1918ರ ಇನ್ಫ್ಲುಯೆಂಜಾಕ್ಕೆ ಬಲಿಯಾಗಲಿಲ್ಲವೆಂಬ ಕಥೆಯೂ ಪ್ರಚಾರದಲ್ಲಿವೆ. ಇವು ಪದ್ಧತಿಯ ಅಭಿಮಾನಿಗಳ ನಡುವೆ ಬೆಳೆದುಬಂದ ಐತಿಹ್ಯಗಳಾಗಿವೆ.

ಅಮೆರಿಕಾದಲ್ಲಿ

ಯುದ್ಧಾನಂತರ ಪಿಲಾಟಿಸ್ ಜರ್ಮನಿಗೆ ಮರಳಿದರು. 1926ರ ಸುಮಾರಿಗೆ ಅಮೆರಿಕಾಕ್ಕೆ ವಲಸೆ ಹೋದರು. ಹಡಗಿನ ಪ್ರಯಾಣದಲ್ಲಿ ಪರಿಚಯವಾದ ಕ್ಲಾರಾ ಎಂಬುವರು ಇವರ ಬಾಳಸಂಗಾತಿಯಾದರು. ಇಬ್ಬರೂ ಸೇರಿ ನ್ಯೂಯಾರ್ಕ್ ನಗರದ ಎಂಟನೆಯ ಅವೆನ್ಯೂವಿನಲ್ಲಿ ವ್ಯಾಯಾಮಶಾಲೆಯೊಂದನ್ನು ತೆರೆದರು. ಜೋಸೆಫ್ ಕಟ್ಟುನಿಟ್ಟಿನ, ಮುಂಗೋಪದ ಗುರುವೆಂದು ಹೆಸರಾದರೆ, ನೋವಿನಿಂದ ಬಂದವರಿಗೆ ತಾಳ್ಮೆಯಿಂದ ವ್ಯಾಯಾಮವನ್ನು ಹೊಂದಿಸಿಕೊಡುತ್ತಿದ್ದವರು ಕ್ಲಾರಾ ಎಂದು ಶಿಷ್ಯರು ನೆನೆದಿದ್ದಾರೆ.

ನ್ಯೂಯಾರ್ಕಿನ ನೃತ್ಯ ಕಲಾವಿದರು ಈ ಶಾಲೆಗೆ ಬರತೊಡಗಿದರು. ಬ್ಯಾಲೆ ಸಂಯೋಜಕ ಜಾರ್ಜ್ ಬ್ಯಾಲಂಚೈನ್ ಮತ್ತು ಆಧುನಿಕ ನೃತ್ಯದ ಪ್ರವರ್ತಕಿ ಮಾರ್ಥಾ ಗ್ರಹಾಮ್ ಅವರ ಬಳಗದವರು ಇವರಲ್ಲಿ ಪ್ರಮುಖರು. ಕಾಲು, ಸೊಂಟ, ಬೆನ್ನಿಗೆ ಪೆಟ್ಟಾದರೆ ನರ್ತಕರ ಜೀವನೋಪಾಯವೇ ನಿಂತುಹೋಗುತ್ತಿತ್ತು. ಪೆಟ್ಟಾದ ಭಾಗಕ್ಕೆ ವಿಶ್ರಾಂತಿ ಕೊಟ್ಟು ಇಡೀ ದೇಹವನ್ನು ಮಧ್ಯಭಾಗದಿಂದ ಮತ್ತೆ ಕಟ್ಟುವ ಪಿಲಾಟಿಸ್ ಅವರ ಕ್ರಮ ಅವರಿಗೆ ನೆರವಾಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಜೇಕಬ್ಸ್ ಪಿಲ್ಲೋ ನೃತ್ಯೋತ್ಸವದಲ್ಲಿಯೂ ಇವರು ಪಾಠ ಹೇಳಿದರು.

ಪದ್ಧತಿ

ಕೈಕಾಲುಗಳ ಬಲಕ್ಕೆ ಮುಂಡದ ಬಲವೇ ಆಧಾರವೆಂಬುದು ಪಿಲಾಟಿಸ್ ಅವರ ಮೂಲ ವಿಚಾರ. ಪಕ್ಕೆಲುಬುಗಳ ಕೆಳಗಿನಿಂದ ಸೊಂಟದವರೆಗಿನ ಭಾಗವನ್ನು ಇವರ ಪರಂಪರೆಯಲ್ಲಿ ಶಕ್ತಿಕೇಂದ್ರವೆಂದು ಕರೆಯುತ್ತಾರೆ. ಇಂದಿನ ವ್ಯಾಯಾಮಶಾಲೆಗಳಲ್ಲಿ ಕೋರ್ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಮೇಲೆ ವಪೆ, ಕೆಳಗೆ ಶ್ರೋಣಿತಳದ ಸ್ನಾಯುಗಳು, ಮುಂದೆ ಹಾಗೂ ಪಕ್ಕಗಳಲ್ಲಿ ಪಟ್ಟಿಯಂತೆ ಸುತ್ತಿಕೊಂಡಿರುವ ಅಡ್ಡ ಉದರ ಸ್ನಾಯು, ಹಿಂದೆ ಬೆನ್ನುಮೂಳೆಯ ಸಣ್ಣ ಸ್ನಾಯುಗಳು ಸೇರಿ ಈ ಭಾಗವನ್ನು ರೂಪಿಸುತ್ತವೆ. ಹೊಟ್ಟೆಯ ಮೇಲ್ಪದರದಲ್ಲಿ ಕಾಣುವ ನೇರ ಸ್ನಾಯುವನ್ನು ಮಾತ್ರ ಉಬ್ಬಿಸುವುದರಿಂದ ಬೆನ್ನಿಗೆ ಪೂರ್ಣ ಆಸರೆ ದೊರೆಯುವುದಿಲ್ಲ. ಒಳಪದರಗಳೂ ಉಸಿರಾಟದೊಡನೆ ಹೊಂದಿಕೊಂಡು ಕೆಲಸ ಮಾಡಬೇಕಾಗುತ್ತದೆ.

ಇವರ ವ್ಯಾಯಾಮಗಳು ಹಲವು ಬಗೆಯವು. ಹಂಡ್ರೆಡ್ ಎಂಬುದರಲ್ಲಿ ಅಂಗಾತ ಮಲಗಿ ತಲೆ ಮತ್ತು ಕಾಲುಗಳನ್ನು ಎತ್ತಿ ಹಿಡಿದು, ಪಕ್ಕದಲ್ಲಿ ಚಾಚಿದ ತೋಳುಗಳನ್ನು ಮೇಲೆ ಕೆಳಗೆ ಆಡಿಸಲಾಗುತ್ತದೆ. ಐದು ಎಣಿಕೆಗೆ ಉಸಿರನ್ನು ಒಳಗೆಳೆದು ಐದು ಎಣಿಕೆಗೆ ಹೊರಬಿಡುವ ಸುತ್ತು ಹತ್ತು ಬಾರಿ ನಡೆದು ನೂರು ಪೂರ್ಣವಾಗುತ್ತದೆ. ರೋಲ್ ಅಪ್‌ನಲ್ಲಿ ಬೆನ್ನುಮೂಳೆಯನ್ನು ಒಂದೊಂದೇ ಮಣಿಯಾಗಿ ನೆಲದಿಂದ ಬಿಡಿಸಿಕೊಂಡು ಏಳಬೇಕು. ಸ್ವಿಮ್ಮಿಂಗ್ ಮತ್ತು ಸ್ವಾನ್ ಡೈವ್ ಬೋರಲು ಮಲಗಿ ಬೆನ್ನಿನ ಸ್ನಾಯುಗಳಿಗೆ ಕೊಡುವ ಸಾಧನೆ. ಸಾ ಮತ್ತು ಸ್ಪೈನ್ ಟ್ವಿಸ್ಟ್‌ಗಳಲ್ಲಿ ಮುಂಡ ತಿರುಚುತ್ತದೆ. ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ನೇರವಾಗಿ ಹಿಡಿಯುವ ಲೆಗ್ ಪುಲ್ ಫ್ರಂಟ್ ಇಂದಿನ ಪ್ಲ್ಯಾಂಕ್ ವ್ಯಾಯಾಮಕ್ಕೆ ಹತ್ತಿರವಾದುದು. ಯೋಗಾಭ್ಯಾಸ ಬಲ್ಲವರಿಗೆ ಟೀಸರ್ ನೌಕಾಸನವನ್ನೂ ರೋಲ್ ಓವರ್ ಹಲಾಸನವನ್ನೂ ನೆನಪಿಸುತ್ತವೆ. ಆದರೆ ಇಲ್ಲಿ ಭಂಗಿಯಲ್ಲಿ ನೆಲೆಸುವುದಕ್ಕಿಂತ ಚಲನೆಯ ಮೇಲಿನ ಹತೋಟಿಗೆ ಹೆಚ್ಚು ಪ್ರಾಧಾನ್ಯವಿದೆ. ಆವರ್ತನೆಗಳ ಸಂಖ್ಯೆ ಕಡಿಮೆಯಿರಬೇಕು, ಪ್ರತಿಯೊಂದೂ ನಿಖರವಾಗಿರಬೇಕು ಎಂಬುದು ನಿಯಮ.

ನೆಲದ ವ್ಯಾಯಾಮ ಕಷ್ಟವಾದವರಿಗಾಗಿ ಪಿಲಾಟಿಸ್ ಹಲವು ಉಪಕರಣಗಳನ್ನು ನಿರ್ಮಿಸಿದರು. ರಿಫಾರ್ಮರ್ ಎಂಬುದು ಸ್ಪ್ರಿಂಗುಗಳಿಗೆ ಜೋಡಿಸಿದ, ಚೌಕಟ್ಟಿನೊಳಗೆ ಹಿಂದೆ ಮುಂದೆ ಜಾರುವ ಹಲಗೆ. ಸ್ಪ್ರಿಂಗು ಕೆಲವೊಮ್ಮೆ ಪ್ರತಿರೋಧ ಒಡ್ಡಿದರೆ ಕೆಲವೊಮ್ಮೆ ಆಸರೆ ಕೊಡುತ್ತದೆ. ಮಂಚದ ಮೇಲೆ ಕಂಬಿಗಳ ಚೌಕಟ್ಟನ್ನು ಕಟ್ಟಿದ ಕ್ಯಾಡಿಲಾಕ್, ಕುರ್ಚಿಯಾಗಿಯೂ ಬಳಸಬಹುದಾದ ವುಂಡಾ ಚೇರ್ ಇತರ ಉಪಕರಣಗಳು. 1927ರಲ್ಲಿ ಇವರಿಗೆ ವ್ಯಾಯಾಮ ಉಪಕರಣವೊಂದಕ್ಕೆ ಅಮೆರಿಕಾದ ಪೇಟೆಂಟ್ ದೊರೆಯಿತು.

ಕೃತಿಗಳು

1934ರಲ್ಲಿ ಪ್ರಕಟವಾದ ಯುವರ್ ಹೆಲ್ತ್ ಎಂಬ ಕಿರುಹೊತ್ತಗೆಯಲ್ಲಿ ಆಧುನಿಕ ಜೀವನಕ್ರಮ ದೇಹಕ್ಕೆ ಮಾಡುತ್ತಿರುವ ಹಾನಿಯನ್ನು ಪಿಲಾಟಿಸ್ ಕಟುವಾಗಿ ಟೀಕಿಸಿದರು. ವಿಲಿಯಂ ಜೆ. ಮಿಲ್ಲರ್ ಅವರೊಡನೆ ಬರೆದ ರಿಟರ್ನ್ ಟು ಲೈಫ್ ಥ್ರೂ ಕಂಟ್ರಾಲಜಿ (1945) ನೆಲದ ಮೇಲಿನ 34 ವ್ಯಾಯಾಮಗಳನ್ನು ಛಾಯಾಚಿತ್ರಗಳೊಡನೆ ವಿವರಿಸುತ್ತದೆ. ಅರವತ್ತರ ಆಸುಪಾಸಿನ ಲೇಖಕರೇ ಚಿತ್ರಗಳಲ್ಲಿ ವ್ಯಾಯಾಮಗಳನ್ನು ಮಾಡಿ ತೋರಿಸಿದ್ದಾರೆ.

ಕೊನೆಯ ವರ್ಷಗಳು

ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ತಮ್ಮ ಪದ್ಧತಿ ಜಾರಿಗೆ ಬರಬೇಕೆಂದು ಪಿಲಾಟಿಸ್ ಹಂಬಲಿಸಿದರು. ಅಂದಿನ ವೈದ್ಯರಲ್ಲಿ ಬಹುಮಂದಿ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಇದರಿಂದ ಇವರು ಕಹಿಗೊಂಡಿದ್ದರು. ಸಿಗಾರ್ ಸೇದುವ ಅಭ್ಯಾಸವಿದ್ದ ಇವರು ಶ್ವಾಸಕೋಶದ ಎಂಫಿಸೀಮಾ ಕಾಯಿಲೆಗೆ ತುತ್ತಾಗಿ ತಮ್ಮ 83ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದರು. ಬಾಲ್ಯದ ಉಬ್ಬಸವನ್ನು ಗೆಲ್ಲಲು ಹೊರಟು, ಉಸಿರನ್ನೇ ತಮ್ಮ ಪದ್ಧತಿಯ ತಳಹದಿಯಾಗಿಸಿಕೊಂಡಿದ್ದವರ ಬದುಕು ಉಸಿರಿನ ಕಾಯಿಲೆಯಿಂದಲೇ ಮುಗಿಯಿತು. ಕ್ಲಾರಾ ಅವರು ಇವರ ನಂತರವೂ ಕೆಲವು ಕಾಲ ಪಾಠವನ್ನು ಮುಂದುವರಿಸಿದರು.

ಪರಂಪರೆ

ಪಿಲಾಟಿಸ್ ಅವರು ವ್ಯವಸ್ಥಿತವಾದ ಶಿಕ್ಷಕ ತರಬೇತಿ ಸಂಸ್ಥೆಯನ್ನು ಕಟ್ಟಿರಲಿಲ್ಲ. ರೊಮಾನಾ ಕ್ರೈಜಾನೋವ್ಸ್ಕಾ, ಕ್ಯಾರೊಲಾ ಟ್ರಿಯರ್, ಈವ್ ಜೆಂಟ್ರಿ, ರಾನ್ ಫ್ಲೆಚರ್ ಮೊದಲಾದ ನೇರ ಶಿಷ್ಯರು ತಮ್ಮ ತಮ್ಮ ಅರಿವಿಗೆ ತಕ್ಕಂತೆ ಪದ್ಧತಿಯನ್ನು ಹರಡಿದರು. ಪಿಲಾಟಿಸ್ ಎಂಬ ಹೆಸರಿನ ಹಕ್ಕಿಗಾಗಿ ಅಮೆರಿಕಾದಲ್ಲಿ ದಾವೆ ನಡೆದು, ಅದು ಯೋಗ, ಕರಾಟೆಗಳಂತೆ ವ್ಯಾಯಾಮ ಪದ್ಧತಿಯೊಂದರ ಸಾಮಾನ್ಯ ಹೆಸರೇ ಹೊರತು ಯಾರೊಬ್ಬರ ವ್ಯಾಪಾರಚಿಹ್ನೆಯಲ್ಲವೆಂದು 2000ದಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಆ ಬಳಿಕ ಯಾರು ಬೇಕಾದರೂ ಆ ಹೆಸರಿನಲ್ಲಿ ತರಗತಿ ನಡೆಸಲು ದಾರಿಯಾಯಿತು.

ಇವರು ಬಯಸಿದ್ದ ವೈದ್ಯಕೀಯ ಪರಿಶೀಲನೆ ಇವರ ಕಾಲಾನಂತರ ನಡೆಯಿತು. ಆರೋಗ್ಯವಂತರು ಕೈಯನ್ನು ಎತ್ತುವ ಮುನ್ನವೇ ಅವರ ಅಡ್ಡ ಉದರ ಸ್ನಾಯು ಬಿಗಿಗೊಳ್ಳುತ್ತದೆ, ಬೆನ್ನುನೋವಿನವರಲ್ಲಿ ಅದು ತಡವಾಗುತ್ತದೆ ಎಂದು 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ ತೋರಿಸಿದರು. ದೇಹದ ಒಳಪದರದ ಸ್ನಾಯುಗಳ ಬಗೆಗಿನ ಆಸಕ್ತಿ ಇದರಿಂದ ಹೆಚ್ಚಿತು. ಕೆಳಬೆನ್ನಿನ ನೋವಿಗೆ ಪಿಲಾಟಿಸ್ ಅಲ್ಪ ಚಿಕಿತ್ಸೆಗಿಂತ ಮೇಲು, ಆದರೆ ಇತರ ಬಗೆಯ ವ್ಯಾಯಾಮಗಳಿಗಿಂತ ಮೇಲೆನ್ನಲು ನಿರ್ಣಾಯಕ ಆಧಾರವಿಲ್ಲ ಎಂಬುದು 2015ರ ಕಾಕ್ರೇನ್ ವಿಮರ್ಶೆಯ ನಿಲುವು. ಇಂದು ಭೌತಚಿಕಿತ್ಸಾ ಕೇಂದ್ರಗಳಲ್ಲಿ ಇವರ ವ್ಯಾಯಾಮಗಳು ಬಳಕೆಯಲ್ಲಿವೆ. ಭಾರತದ ನಗರಗಳಲ್ಲಿಯೂ, ಬೆಂಗಳೂರೂ ಸೇರಿದಂತೆ, ಪಿಲಾಟಿಸ್ ತರಗತಿಗಳು ನಡೆಯುತ್ತಿವೆ.